ಬೂತಾಯಿ ಕಾಯಿನ್ನಿನ ಬೋಣಿ

ಬೋಣಿ ಆಗುವ ಮೊದಲು ಒಂದು ರೂಪಾಯಿಯನ್ನೂ ಕೈಬಿಡುವುದಿಲ್ಲ ಎಂದು ಸ್ವರ್ಣಲತಾ ಫೋನನ್ನು ಸೊಂಟದ ಚೀಲಕ್ಕೆ ತುರುಕಿ ಐಸು ಒಡೆಯತೊಡಗಿದಳು. ಎದುರಿಗೆ ಕುಳಿತಿದ್ದ ತಮ್ಮ ತಿಲಕನಿಗೆ ಮೈಯೆಲ್ಲ ಉರಿಯಿತು. ಅಂದು ಸಂಕ್ರಮಣ, ಮೀನು ತಿನ್ನದವರೇ ಜಾಸ್ತಿ. ಕಾಪು ಮಾರ್ಕೆಟ್ಟಿನಲ್ಲಿ ಗಿರಾಕಿಗಳಿಗಿಂತ ಬೆಕ್ಕುಗಳೇ ಹೆಚ್ಚಿದ್ದವು. ಅಕ್ಕನ ಮೊದಲ ವ್ಯಾಪಾರ ಮಧ್ಯಾಹ್ನದೊಳಗೆ ಆದರೆ ಪುಣ್ಯ.

ಅವನಿಗೆ ಬೇಕಾದದ್ದು ಎಂಬತ್ತು ಸಾವಿರ. ಮಾರ್ಕೆಟ್ಟು ಮುಗಿದ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗುವುದನ್ನು ಬಿಟ್ಟು ಒಂದು ಹಳೆಯ ಗೂಡ್ಸ್ ರಿಕ್ಷಾ ಕೊಳ್ಳಲೆಂದು ಅವಳು ಮೂರು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ. ಅದನ್ನು ಬೂತಾಯಿ ಕಾಯಿನ್ನಿಗೆ ಹಾಕಿದರೆ ವಾರದೊಳಗೆ ಹೊಸ ರಿಕ್ಷಾವೇ ಬರುತ್ತದೆಂದು ತಿಲಕ ಎರಡು ದಿನದಿಂದ ಅವಳ ತಲೆ ತಿಂದಿದ್ದ. ಮಣಿಪಾಲದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮನಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ ಎಂದು ಅವಳೂ ಒಪ್ಪಿದ್ದಳು. ಪಿನ್ ಒತ್ತುವುದೊಂದೇ ಬಾಕಿ.

ಈ ಕಾಯಿನ್ನಿಗೆ ಕಪ್ಪು ಕನ್ನಡಕ ಹಾಕಿದ ಬೂತಾಯಿ ಮೀನಿನ ಚಿತ್ರವೊಂದನ್ನು ಬಿಟ್ಟರೆ ಬೇರೆ ಆಸ್ತಿಯಿಲ್ಲ. ತಮಾಷೆಗೆ ಹುಟ್ಟಿದ ಕ್ರಿಪ್ಟೊ. ಬ್ಯಾಂಕಿಲ್ಲ, ದಲ್ಲಾಳಿಯಿಲ್ಲ, ಆನ್‌ಲೈನ್ ಎಕ್ಸ್‌ಚೇಂಜಿನಲ್ಲಿ ಜನರೇ ಕೊಳ್ಳಬೇಕು, ಜನರೇ ಮಾರಬೇಕು. ತಾನು ನಿನ್ನೆ ಹಾಕಿದ ಮೂರು ಸಾವಿರ ಇವತ್ತು ಹನ್ನೊಂದು ಸಾವಿರವಾಗಿದೆ ಎಂದು ಅವನು ಫೋನು ಹಿಡಿದು ತೋರಿಸಿದ.

"ಹನ್ನೊಂದು ಸಾವಿರ ಯಾರು ಕೊಟ್ಟರು?" ಎಂದಳು ಅಕ್ಕ.

"ಕೊಟ್ಟದ್ದಲ್ಲ, ಅದು ರೇಟು."

"ರೇಟು ನಾನೂ ಹೇಳ್ತೇನೆ ಮಾರಾಯ. ಈ ಅಂಜಲ್ ಮೀನಿಗೆ ಸಾವಿರ. ತಕೊಳ್ಳುವವರು ಬೇಕಲ್ವಾ? ಒಂದು ಐನೂರರದ್ದು ಮಾರು ನೋಡುವ. ನಿನ್ನದೂ ಬೋಣಿ ಆಗಲಿ."

ಹೇಗೂ ಹೊತ್ತು ಹೋಗಬೇಕು. ತಿಲಕ ನಗುತ್ತಲೇ ಐನೂರು ರೂಪಾಯಿಯಷ್ಟು ಮಾರಲು ಒತ್ತಿದ. ಆಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲವೆಂದು ರಸ್ತೆಯವರೆಗೆ ಹೋಗಿ ಒತ್ತಿದ. ಆಗಲಿಲ್ಲ. ನೂರಕ್ಕೆ ಇಳಿಸಿದ, ಹತ್ತಕ್ಕೆ ಇಳಿಸಿದ. ಕೊಳ್ಳಲು ಒತ್ತಿದರೆ ಮಾತ್ರ ತಕ್ಷಣ ಬಂತು. ಕಾಯಿನ್ನಿನವರ ಟೆಲಿಗ್ರಾಂ ಗ್ರೂಪಿನಲ್ಲಿ, ಮಾರಲು ಯಾಕೆ ಆಗುತ್ತಿಲ್ಲ ಎಂದು ಕೇಳಿದ. ಒಂದು ನಿಮಿಷವೂ ಆಗಿರಲಿಲ್ಲ, ಅವನನ್ನು ಗ್ರೂಪಿನಿಂದ ತೆಗೆದು ಹಾಕಿದರು.

ಆಗ ಅವನಿಗೆ ಎಲ್ಲ ತಿಳಿಯಿತು. ಒಳಗೆ ಹೋಗಲು ಮಾತ್ರ ಬಾಗಿಲು ಇಟ್ಟು ಕಟ್ಟಿದ ಮನೆ ಅದು. ಮಾರುವವರೇ ಇಲ್ಲದ ಮೇಲೆ ರೇಟು ಏರದೆ ಏನು ಮಾಡೀತು? ಅಕ್ಕನಿಗೆ ಇವತ್ತು ಬೇಗ ಬೋಣಿ ಆಗಿದ್ದರೆ ಎಂಬತ್ತು ಸಾವಿರವೂ ಅಲ್ಲೇ ಸಿಕ್ಕಿಬೀಳುತ್ತಿತ್ತು. ರಸ್ತೆಯಿಂದ ಅಕ್ಕನ ಬಳಿಗೆ ವಾಪಸು ಬಂದ. ಐಸ್ ಪೆಟ್ಟಿಗೆಯ ಮೇಲೆ ಕುಳಿತ. ತನ್ನ ಮೂರು ಸಾವಿರ ಹೋದ ಬೇಸರ ಹುಡುಕಿದರೂ ಸಿಗಲಿಲ್ಲ. ಬದುಕಿದೆ ಎಂದುಕೊಂಡ.

ಅಷ್ಟರಲ್ಲಿ ಶಿರ್ವದ ರೋಸಲಿನ್ ಬಾಯಿ ಸ್ಕೂಟರ್ ನಿಲ್ಲಿಸಿ ಬಂದರು. ಸಂಕ್ರಮಣದ ದಿನ ಮೀನು ಅಗ್ಗವೆಂದು ಗೊತ್ತಿದ್ದ ಗಿರಾಕಿ. ಚೌಕಾಸಿ ಮಾಡಿ, ಎರಡು ಮೀನು ಹೆಚ್ಚಿಗೆ ಹಾಕಿಸಿಕೊಂಡು, ನೂರು ರೂಪಾಯಿಯ ಬೂತಾಯಿ ಒಯ್ದರು. ಸ್ವರ್ಣಲತಾ ಒದ್ದೆ ನೋಟನ್ನು ಕಣ್ಣಿಗೆ ಒತ್ತಿ, ಬುಟ್ಟಿಗೆ ಮುಟ್ಟಿಸಿ, ಚೀಲದಿಂದ ಫೋನು ತೆಗೆದಳು. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ.

"ಬೋಣಿ ಆಯಿತು. ಹೇಳು, ಎಲ್ಲಿ ಒತ್ತಬೇಕು?"

ತಿಲಕ ಫೋನನ್ನು ಅವಳ ಕೈಯಿಂದ ತೆಗೆದು ಮೆಲ್ಲಗೆ ಅದೇ ಚೀಲಕ್ಕೆ ಹಾಕಿ ಜಿಪ್ ಎಳೆದ.

"ಬೇಡ ಅಕ್ಕ. ನನ್ನದು ಬೋಣಿ ಆಗಲಿಲ್ಲ."

ಅವನ ಫೋನಿನಲ್ಲಿ ಕಪ್ಪು ಕನ್ನಡಕದ ಬೂತಾಯಿ ಆಗಲೇ ಹದಿನಾಲ್ಕು ಸಾವಿರ ದಾಟಿತ್ತು.