ಕಾಣದ ಬ್ರೇಕು

ಸುಧನ್ವನದು ಪೆಡಲನ್ನು ಕಾಲಿನಿಂದ ತಡೆದರಷ್ಟೇ ನಿಲ್ಲುವ ಸೈಕಲ್ಲು, ಬ್ರೇಕಿಲ್ಲ. ಬ್ರೇಕು ಹಾಕಿಸಿದವನು ಹೇಡಿ, ಅಂಥವನಿಗೆ ಸೈಕಲ್ ತಂಡದಲ್ಲಿ ಜಾಗವಿಲ್ಲ ಎಂಬುದು ಕ್ಯಾಪ್ಟನ್ನರ ಕಟ್ಟಪ್ಪಣೆ. ಕಳೆದ ಭಾನುವಾರ ಇಳಿಜಾರಿನಲ್ಲಿ ಸುಧನ್ವನ ಕಾಲು ಸೋತು, ಅವನು ಸೀದಾ ಎಳನೀರಿನ ರಾಶಿಯ ಮೇಲೆ ಹೋಗಿ ಬಿದ್ದಿದ್ದ. ಜೀವ ದೊಡ್ಡದೋ ಮಾನ ದೊಡ್ಡದೋ ಎಂದು ವಾರವಿಡೀ ಯೋಚಿಸಿ, ಎರಡನ್ನೂ ಉಳಿಸಿಕೊಳ್ಳಲು ನಜೀರ್ ಸಾಬರ ಸೈಕಲ್ ರಿಪೇರಿ ಅಂಗಡಿಗೆ ಬಂದ.

"ಮುಂದಿನ ಚಕ್ರಕ್ಕೊಂದು ಬ್ರೇಕ್ ಬೇಕು ಸಾಬ್ರೇ. ಆದ್ರೆ ಲಿವರ್ ಯಾರ ಕಣ್ಣಿಗೂ ಬೀಳಬಾರದು."

"ಕದ್ದ ಮಾಲೇನು ಸಾರ್ ಅದು?"

"ಅದಕ್ಕಿಂತ ಕಡೆ. ಕ್ಯಾಪ್ಟನ್ ನೋಡಿದ್ರೆ ಅವತ್ತೇ ನನ್ನನ್ನ ತಂಡದಿಂದ ಆಚೆ ಹಾಕ್ತಾರೆ."

ಸಾಬರು ತೋರಿಸಿದವುಗಳಲ್ಲಿ ಸುಧನ್ವ ಬೆರಳುದ್ದದ ಕಪ್ಪು ಲಿವರನ್ನು ಆರಿಸಿದ. ಅದನ್ನು ಎಡಕ್ಕೆ ಹಾಕಿಸುವುದೋ ಬಲಕ್ಕೋ ಎಂದು ಅವನು ಯೋಚಿಸುತ್ತಿರುವಾಗಲೇ ಸಾಬರು ಬ್ರೇಕನ್ನು ಚಕ್ರ ಹಿಡಿದಿರುವ ಫೋರ್ಕಿನ ಹಿಂದೆ ಅಡಗಿಸಿ, ಲಿವರನ್ನು ಹ್ಯಾಂಡಲಿನ ನಡುವೆ ಕೆಳಮುಖವಾಗಿ ಕೂರಿಸಿ, ಅಳತೆಯನ್ನೂ ನೋಡದೆ ಸ್ಕ್ರೂ ಬಿಗಿದರು.

"ಇಲ್ಲಿದ್ರೆ ಕಾಣಲ್ಲ ಅಂತ ಗ್ಯಾರಂಟಿನಾ? ನಮ್ಮ ಕ್ಯಾಪ್ಟನ್ನದು ಹದ್ದಿನ ಕಣ್ಣು."

"ಇಷ್ಟು ದಿನ ಅವರ ಪಕ್ಕದಲ್ಲೇ ಸೈಕಲ್ ಹೊಡೆದಿದೀರಲ್ಲ ಸಾರ್, ಅವರದ್ದು ನಿಮಗೆ ಕಂಡಿತ್ತಾ?"