ಆಡಿಟ್‌ಗೆ ಬಂದವಳು

ಸಾಬೂನು ಕಾರ್ಖಾನೆಗೆ ಆಡಿಟ್‌ನವರು ಬಂದಾಗ ಅಕೌಂಟೆಂಟರು ಎದ್ದು ನಿಂತು ಕೈಮುಗಿದರು. ಮುಂದೆ ಬಂದವರು ಹಿರಿಯ ಆಡಿಟರು. ಅವರ ಹಿಂದೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಒಳಬಂದವಳು ಅಕೌಂಟೆಂಟರ ಸ್ವಂತ ಮಗಳು. ಮುಗಿದ ಕೈ ಮುಗಿದಂತೆಯೇ ಉಳಿಯಿತು.

"ಇವರು ಹೊಸಬರು. ಓದಿದ್ದು ಪ್ರಾಣಿಶಾಸ್ತ್ರ, ಕಪ್ಪೆ ಕೊಯ್ದ ಕೈ," ಆಡಿಟರು ನಕ್ಕರು. "ನಿಮ್ಮ ವೋಚರ್‌ಗಳನ್ನ ಇವರು ನೋಡ್ತಾರೆ. ನಾನು ಗೋದಾಮಿಗೆ ಹೋಗಿ ಬರ್ತೀನಿ."

ಮಗಳು ಯಾವುದೋ ಪ್ರಯೋಗಾಲಯಕ್ಕೆ ಹೋಗುತ್ತಿದ್ದಾಳೆಂದೇ ಅವರು ನಂಬಿದ್ದರು. ಕಾಲೇಜು ಸೇರುವಾಗ ಅವಳು, "ನಿಮ್ಮ ಹಾಗೆ ಜನ್ಮವಿಡೀ ಡೆಬಿಟ್ಟು ಕ್ರೆಡಿಟ್ಟು ಅಂತ ಕೂರೋದು ನನ್ನ ಕೈಲಾಗಲ್ಲಪ್ಪ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಆ ಮಾತನ್ನು ಇಬ್ಬರೂ ಮರೆತಿರಲಿಲ್ಲ.

"ಅಪ್ಪ..."

"ಶ್! ಇಲ್ಲಿ ಅಪ್ಪ ಗಿಪ್ಪ ಅನ್ಬೇಡ. ಏನೇ ಇದು ಕಥೆ?"

"ಸಿಎ ಓದ್ತಿದ್ದೀನಿ, ಒಂದು ಪರೀಕ್ಷೆನಾದ್ರೂ ಪಾಸಾಗಿ ಹೇಳೋಣ ಅಂತಿದ್ದೆ. ಇವತ್ತು ಬರಬೇಕಿದ್ದವರಿಗೆ ಜ್ವರ, ನನ್ನನ್ನ ಕಾರು ಹತ್ತಿಸಿಬಿಟ್ರು. ಗೇಟಿನ ಹತ್ರ ಬಂದ್ಮೇಲೇ ಗೊತ್ತಾಗಿದ್ದು, ಇದು ನಿಮ್ಮ ಫ್ಯಾಕ್ಟರಿ ಅಂತ."

"ಲೆಕ್ಕ ಅಂದ್ರೆ ಮಾರು ದೂರ ಓಡ್ತಿದ್ದೆ?"

"ಲ್ಯಾಬಲ್ಲಿ ಎಲ್ಲರೂ ಕಪ್ಪೆಯ ಹೃದಯ ನೋಡ್ತಿದ್ರೆ, ನಾನು ಕಾಲೇಜು ತರಿಸಿದ ಕಪ್ಪೆಗಳಿಗೂ ಬಿಲ್ಲಿಗೂ ಯಾಕೆ ತಾಳೆ ಆಗ್ತಿಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ ಅಪ್ಪ. ಯಾರ ಮಗಳು ಅಂತ ಆಗ್ಲೇ ಗೊತ್ತಾಗೋಯ್ತು."

ಉಕ್ಕಿ ಬಂದ ನಗುವನ್ನು ನುಂಗಿಕೊಂಡು ಅವರು ಕುರ್ಚಿ ಎಳೆದುಕೊಟ್ಟರು. "ಕೂತ್ಕೋ. ಯಾವ ಕಾಗದ ಬೇಕೋ ಹೇಳು, ಚಿಟಿಕೆ ಹೊಡೆಯೋದ್ರೊಳಗೆ ತೆಗೆದುಕೊಡ್ತೀನಿ. ಮೊದಲ ದಿನವೇ ನಿಮ್ಮ ಸಾಹೇಬ್ರು ಮೂಗಿನ ಮೇಲೆ ಬೆರಳಿಡಬೇಕು."

ಅವಳು ಕೂರಲಿಲ್ಲ. "ಅದೇ ಆಗಬಾರದಪ್ಪ. ಮನೆಯವರು ಬರೆದ ಲೆಕ್ಕವನ್ನ ನಾವು ನೋಡೋ ಹಾಗಿಲ್ಲ. ಸಾಹೇಬ್ರಿಗೆ ಹೇಳ್ಬಿಡ್ತೀನಿ."

"ಹುಚ್ಚಿ! ಮೊದಲೇ ಕಪ್ಪೆ ಕೊಯ್ದವಳು ಅಂತ ಹಗುರವಾಗಿ ಮಾತಾಡ್ತಿದ್ದಾರೆ. ಇವತ್ತೇ ವಾಪಸ್ ಕಳಿಸಿದ್ರೆ ಮತ್ತೆ ಕರೀತಾರಾ? ನೀನು ಹೇಳ್ದೆ ಇದ್ರೆ ಯಾರಿಗೆ ಗೊತ್ತಾಗುತ್ತೆ?"

"ನಮ್ಮಿಬ್ಬರ ಮೂಗು ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ. ಗೊತ್ತಾಗ್ದೆ ಇದ್ರೂ ಹೇಳ್ಲೇಬೇಕಲ್ಲಪ್ಪ."

ಆಡಿಟರು ಮರಳಿದಾಗ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವರು ಅವಳ ಮುಖ ನೋಡಿದರು, ಅಕೌಂಟೆಂಟರ ಮುಖ ನೋಡಿದರು.

"ನಾನೇ ಮೊದಲು ಕೇಳಬೇಕಿತ್ತು," ಎಂದರು ಆಡಿಟರು ಕೊನೆಗೆ. ದನಿಯಲ್ಲಿ ತಮಾಷೆ ಇರಲಿಲ್ಲ. "ಕಾರು ಕೆಳಗಿದೆ, ಆಫೀಸಿಗೆ ಹೋಗಿ. ನಾಳೆಯಿಂದ ಹಿಟ್ಟಿನ ಗಿರಣಿಯ ಕೆಲಸ ಇದೆ, ನನ್ನ ಜೊತೆ ಬನ್ನಿ. ನಿಮ್ಮ ಚಿಕ್ಕಪ್ಪ, ದೊಡ್ಡಪ್ಪ ಯಾರೂ ಅಲ್ಲಿಲ್ಲ ತಾನೇ?"

ಕಾರು ಗೇಟು ದಾಟುವವರೆಗೂ ಅಕೌಂಟೆಂಟರು ಕಿಟಕಿಯಲ್ಲೇ ನಿಂತಿದ್ದರು. ಆಮೇಲೆ ಹೆಂಡತಿಗೆ ಫೋನು ಮಾಡಿದರು.

"ನಿನ್ನ ಮಗಳು ಇಲ್ಲಿಗೆ ಆಡಿಟ್‌ಗೆ ಬಂದಿದ್ಲು ಕಣೇ."

ಗುಟ್ಟು ಮೊದಲೇ ಗೊತ್ತಿದ್ದ ಹೆಂಡತಿ ಆ ಕಡೆಯಿಂದ ಅಂಜುತ್ತಲೇ ಕೇಳಿದಳು, "ಅಯ್ಯೋ, ನಿಮ್ಮ ಕೆಲಸದಲ್ಲಿ ಏನಾದ್ರೂ ತಪ್ಪು ಸಿಕ್ತಾ?"

"ಸಿಗದೆ ಇರುತ್ತಾ? ಚೀಲ ಕೆಳಗಿಡೋಕೂ ಮುಂಚೆ ಹಿಡಿದುಬಿಟ್ಲು," ಎಂದರು ಅವರು, ಪಕ್ಕದ ಕೋಣೆಗೂ ಕೇಳಿಸುವ ಹಾಗೆ. "ನಾನು ಅವಳಪ್ಪನಂತೆ!"