ದುರುಗಮ್ಮನ ಇಂಗ್ಲಿಷ್

"ಈ ದಡ್ಡರಿಗೆ ಇಂಗ್ಲಿಷ್ ತಲಿಗೆ ಹತ್ತೂದಿಲ್ರಿ, ಟೀಚರ್. ಆ ಪೀರಿಯಡ್‌ನ್ಯಾಗ ಇವರನ್ನ ನನ್ನ ಕಡೆ ಬಿಟ್ಟಬಿಡ್ರಿ," ಎಂದು ಹೆಡ್‌ಮಾಸ್ತರರು ಎಲ್ಲರೆದುರು ನಕ್ಕರು. ಆ ನಗು ಸುಲೋಚನಾ ಟೀಚರ ಎದೆಯಲ್ಲಿ ನಾಟಿತು.

ಅಂದಿನಿಂದ ಅವರು ಊಟದ ಬಿಡುವಿನಲ್ಲಿ, ಓದಿನಲ್ಲಿ ಹಿಂದಿದ್ದ ಆ ಮಕ್ಕಳನ್ನು ಕೂರಿಸಿಕೊಂಡು ಒಂದೇ ಒಂದು ವಾಕ್ಯ ಕಲಿಸತೊಡಗಿದರು. ಎಲ್ಲರಿಗಿಂತ ಹೆಚ್ಚು ತೊದಲುತ್ತಿದ್ದವಳು ದುರುಗಮ್ಮ. ಅರ್ಥ ಬಿಡಿಸಿ ಹೇಳಿ, ಬೈಯದೆ, ಮತ್ತೆ ಮತ್ತೆ ಹೇಳಿಸಿದರು.

"ಇದನ್ನ ಯಾರ ಮುಂದ ಹೇಳೂದ್ರಿ, ಟೀಚರ್?"

"ದೊಡ್ಡ ಸಾಹೇಬ್ರು ಬರ್ತಾರವ್ವ, ಅವರ ಮುಂದ. ಅಂಜಿಕಿ ಬರ್ತದೇನು?"

"ಇಲ್ರಿ."

ತಪಾಸಣೆಯ ದಿನ ಹೆಡ್‌ಮಾಸ್ತರರು ಟೀಚರ ಕಡೆ ಓರೆನೋಟ ಬೀರಿ, ಬೇಕೆಂದೇ ದುರುಗಮ್ಮನನ್ನು ಎಬ್ಬಿಸಿ ನಿಲ್ಲಿಸಿದರು. "ಇಕಿನ್ನ ಕೇಳ್ರಿ ಸಾಹೇಬ್ರ, ಟೀಚರ್ ಏನ್ ಕಲಿಸ್ಯಾರ ಅಂತ ತಿಳೀತದ."

"ಇಂಗ್ಲಿಷಿನಲ್ಲಿ ಏನಾದರೂ ಹೇಳಮ್ಮ," ಎಂದರು ಅಧಿಕಾರಿ.

ದುರುಗಮ್ಮ ಕೈಕಟ್ಟಿ ನಿಂತು, ಎಲ್ಲೂ ತೊದಲದೆ ಹೇಳಿದಳು: "ಸರ್, ಇನ್ ಇಂಗ್ಲಿಷ್ ಪೀರಿಯಡ್ ವಿ ವಾಷ್ ಹೆಡ್‌ಮಾಸ್ಟರ್ಸ್ ಕಾರ್."